ವಾದಕ್ಕೆ ಕೂತರೆ ಒಂದೇ ಪ್ರಶ್ನೆ: ಕಥೋಲಿಕ ನಂಬಿಕೆ ಸಮರ್ಥಿಸಿದ ನನ್ನ ಅನುಭವ

ನಾನು ಬೆಂಗಳೂರಿನ ನಮ್ಮ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ. ಅದಕ್ಕೇ ಇರಬೇಕು, ಮದುವೆ, ಹಬ್ಬ ಅಂತ ನಾಲ್ಕು ಜನ ಸೇರಿದ ಕಡೆ ಪ್ರಶ್ನೆಗಳೆಲ್ಲ ನನ್ನ ಹತ್ತಿರವೇ ಬರುತ್ತವೆ. ನಮ್ಮ ಬಂಧುಗಳಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆಗೆ ಮದುವೆಯಾಗಿ ಹೋದವರಿದ್ದಾರೆ, ಪೆಂಟೆಕೋಸ್ಟಲ್ ಸಭೆ ಸೇರಿದವರೂ ಇದ್ದಾರೆ. ಕೆಲಸದ ಜಾಗದಲ್ಲಿ ದೇವರೇ ಇಲ್ಲ ಎನ್ನುವ ಗೆಳೆಯರು. ಇವರೆಲ್ಲರ ಜೊತೆ ವಾದ ಮಾಡುತ್ತಾ ನಾನು ರೂಢಿಸಿಕೊಂಡ ಕೆಲವು ಕ್ರಮಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೆಂಟೆಕೋಸ್ಟಲ್ ಸಭೆ ಸೇರಿದ ತಮ್ಮ, ನನ್ನ ಚಿಕ್ಕಪ್ಪನ ಮಗ, ಮಾತು ಶುರು ಮಾಡುವುದು ಹೀಗೆ: "ಅಣ್ಣಾ, ನೀವು ಮರಿಯಮ್ಮನಿಗೆ ಯಾಕೆ ಪ್ರಾರ್ಥನೆ ಮಾಡ್ತೀರ?" ನಾನು ಬಾಯಿ ತೆರೆಯುವಷ್ಟರಲ್ಲಿ ಪೋಪ್, ಆಮೇಲೆ ಸತ್ತವರ ಆತ್ಮ ಶುದ್ಧವಾಗುವ ಶುದ್ಧೀಕರಣ ಸ್ಥಳ, ಆಮೇಲೆ ಫಾದರ್ ಹತ್ತಿರ ಪಾಪನಿವೇದನೆ. ಒಂದೊಂದು ಪ್ರಶ್ನೆ ಕೇಳಲು ಐದು ಸೆಕೆಂಡ್ ಸಾಕು. ಉತ್ತರಿಸಲು ಅರ್ಧ ಗಂಟೆ ಬೇಕು. ಅದಕ್ಕೆ ನಾನು ಮೊದಲೇ ಹೇಳಿಬಿಡುತ್ತೇನೆ: "ಇವತ್ತು ಒಂದೇ ತಗೊಳ್ಳೋಣ. ಯಾವುದು ಬೇಕು ನೀನೇ ಆರಿಸು. ಅದು ಮುಗಿಯದೆ ಬೇರೆಯದಕ್ಕೆ ಹೋಗೋದು ಬೇಡ." ಇದನ್ನು ಯಾರೂ ಇದುವರೆಗೆ ಬೇಡ ಎಂದಿಲ್ಲ.

ಎರಡನೆಯದು, ಎದುರಿನವರು ಯಾವ ಸಭೆಯವರು ಅಂತ ಕೇಳಿ ತಿಳಿದುಕೊಳ್ಳುವುದು. ಪ್ರಾಟೆಸ್ಟೆಂಟರೆಲ್ಲ ಒಂದೇ ಮಾತು ಹೇಳುವುದಿಲ್ಲ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಪ್ರಾಟೆಸ್ಟೆಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಪ್ರಭುಭೋಜನದ (ನಮ್ಮ ಪರಮಪ್ರಸಾದದ) ವಿಷಯದಲ್ಲೇ ಒಪ್ಪಂದಕ್ಕೆ ಬರಲಾಗದೆ ಎದ್ದುಹೋದರು. 'ಇದು ನನ್ನ ದೇಹ' ಎಂಬ ಯೇಸುಸ್ವಾಮಿಯ ಮಾತಿನ ನೇರ ಅರ್ಥವನ್ನು ಲೂಥರ್ ಬಿಟ್ಟುಕೊಡಲಿಲ್ಲ. ಜ್ವಿಂಗ್ಲಿಗೆ ಅದು ಸಂಕೇತ. ನಮ್ಮ ಸಿಎಸ್‌ಐ ನೋಡಿ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಸೇರಿ ಆದದ್ದು. ಅವರಲ್ಲಿ ಬಿಷಪ್ ಇದ್ದಾರೆ, ಶಿಶು ದೀಕ್ಷಾಸ್ನಾನ ಇದೆ. ಪೆಂಟೆಕೋಸ್ಟಲ್ ತಮ್ಮನಿಗೆ ಕೊಡುವ ಉತ್ತರವನ್ನೇ ಸಿಎಸ್‌ಐ ಅತ್ತಿಗೆಗೆ ಕೊಟ್ಟರೆ ಅವರು "ನಾವೆಲ್ಲಿ ಹಾಗೆ ಹೇಳ್ತೀವಿ?" ಎನ್ನುತ್ತಾರೆ. ಅದು ನ್ಯಾಯವೇ. ನಂಬಿಕೆಯಿಂದ ರಕ್ಷಣೆ ಎಂಬ ವಿಷಯದಲ್ಲಂತೂ ಲೂಥರನ್ ಒಕ್ಕೂಟ ಮತ್ತು ಕಥೋಲಿಕ ಧರ್ಮಸಭೆ 1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿವೆ. 2006ರಲ್ಲಿ ಮೆಥಡಿಸ್ಟರೂ ಸೇರಿಕೊಂಡರು. ಎಲ್ಲ ಭೇದವೂ ಹೋಗಿಲ್ಲ, ನಿಜ. ಆದರೆ ಅತ್ತಿಗೆಯ ಜೊತೆ ಅಲ್ಲಿಂದ ಮಾತು ಶುರು ಮಾಡಬಹುದು.

ತಮ್ಮನ ಜೊತೆ ಎಷ್ಟು ಸುತ್ತಿದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಬೈಬಲ್‌ನಲ್ಲಿ ಎಲ್ಲಿದೆ ತೋರಿಸಿ." ಹಾಗಾಗಿ ಈಗ ನಾನೇ ಅದನ್ನು ಮೊದಲು ಎತ್ತುತ್ತೇನೆ. ಬೈಬಲ್‌ನಲ್ಲಿ ಯಾವ ಯಾವ ಪುಸ್ತಕ ಇರಬೇಕು ಎಂಬ ಪಟ್ಟಿ ಬೈಬಲ್‌ನ ಯಾವ ಪುಟದಲ್ಲಿದೆ? ಎಲ್ಲೂ ಇಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳು, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಒಂದು ಪಟ್ಟಿಯಲ್ಲಿ ನಮಗೆ ಸಿಗುವುದು 367ರಲ್ಲಿ ಬಿಷಪ್ ಅಥನಾಸಿಯಸ್ ಬರೆದ ಪತ್ರದಲ್ಲಿ. 393ರಲ್ಲಿ ಹಿಪ್ಪೊ, 397ರಲ್ಲಿ ಕಾರ್ಥೇಜ್ ಊರುಗಳಲ್ಲಿ ಸೇರಿದ ಬಿಷಪರ ಸಭೆಗಳು ಇಡೀ ಬೈಬಲ್‌ನ ಪಟ್ಟಿ ಮಾಡಿದವು. ಆ ಪಟ್ಟಿಗಳಲ್ಲಿ ಮಕ್ಕಬಿಯರ ಗ್ರಂಥಗಳೂ ಇದ್ದವು. ಸತ್ತವರಿಗಾಗಿ ಪ್ರಾರ್ಥಿಸುವುದು ಒಳ್ಳೆಯದು ಎಂದು ಎರಡನೆಯ ಮಕ್ಕಬಿಯರ 12ನೇ ಅಧ್ಯಾಯ ಹೇಳುತ್ತದೆ. ಅವನ ಬೈಬಲ್‌ನಲ್ಲಿ 66 ಪುಸ್ತಕ, ನನ್ನದರಲ್ಲಿ 73. ಮಕ್ಕಬಿಯರ ಗ್ರಂಥಗಳು ಅವನದರಲ್ಲಿ ಇಲ್ಲ.

ಇಷ್ಟು ಹೇಳಿ ಗೆದ್ದೆ ಎಂದು ನಾನು ಎದ್ದುಬಿಡುವುದಿಲ್ಲ. ಅವನ ಕಡೆಯ ಒಳ್ಳೆಯ ಉತ್ತರವನ್ನು ನಾನೇ ಅವನಿಗೆ ಹೇಳುತ್ತೇನೆ. ಧರ್ಮಸಭೆ ಪುಸ್ತಕಗಳನ್ನು ಪವಿತ್ರ ಮಾಡಲಿಲ್ಲ, ಪವಿತ್ರವಾಗಿದ್ದನ್ನು ಗುರುತಿಸಿತು, ಅಷ್ಟೇ. ಇದು ಪ್ರಾಟೆಸ್ಟೆಂಟರ ಬಲವಾದ ವಾದ. ನಮ್ಮ ಬಿಷಪರು ಸೇರಿದ ಮೊದಲನೆಯ ವ್ಯಾಟಿಕನ್ ಮಹಾಸಭೆಯೇ 1870ರಲ್ಲಿ ಇದೇ ಅರ್ಥದ ಮಾತು ಹೇಳಿದೆ. ಪವಿತ್ರಾತ್ಮರ ಪ್ರೇರಣೆಯಿಂದ ಬರೆದದ್ದರಿಂದ ಅವು ಪವಿತ್ರ, ಸಭೆ ಒಪ್ಪಿದ್ದರಿಂದಲ್ಲ. ಇನ್ನೂ ಒಂದು ಮಾತನ್ನೂ ಮುಚ್ಚಿಡುವುದಿಲ್ಲ. ಬೈಬಲ್ಲನ್ನು ಲ್ಯಾಟಿನ್‌ಗೆ ತಂದ ಸಂತ ಜೆರೋಮರಿಗೇ ಆ ಹೆಚ್ಚುವರಿ ಪುಸ್ತಕಗಳ ಬಗ್ಗೆ ಅನುಮಾನವಿತ್ತು. ಅವೂ ಬೈಬಲ್‌ಗೆ ಸೇರಿದ್ದೇ ಎಂದು ಟ್ರೆಂಟ್ ಮಹಾಸಭೆ ಕೊನೆಯ ಮಾತು ಹೇಳಿದ್ದು 1546ರಲ್ಲಿ.

ಇಷ್ಟನ್ನು ನಾನೇ ಒಪ್ಪಿದ ಮೇಲೆ ನಿಜವಾದ ಪ್ರಶ್ನೆ ಮೇಲೆ ಬರುತ್ತದೆ. ಪವಿತ್ರವಾದದ್ದು ಯಾವುದು ಎಂದು ಗುರುತಿಸುವಾಗ ಸಭೆ ತಪ್ಪಲಿಲ್ಲ ಅಂತ ನಿನಗೆ ಹೇಗೆ ಗೊತ್ತು? ಅಲ್ಲಿ ಪವಿತ್ರಾತ್ಮರು ಸಭೆಯನ್ನು ನಡೆಸಿದರು ಎಂದು ನೀನು ನಂಬುತ್ತೀಯ ಅಂದರೆ, ಬೇರೆ ಕಡೆ ನಡೆಸಲಿಲ್ಲ ಎನ್ನಲು ಕಾರಣವೇನು? ತಮ್ಮ ಇದಕ್ಕೆ ತುಂಬ ಹೊತ್ತು ಯೋಚನೆ ಮಾಡಿದ. ನನಗೆ ಬೇಕಾಗಿದ್ದೂ ಅದೇ. ಬಾಯಿ ಮಾತಿನಲ್ಲಾಗಲಿ ಪತ್ರದಲ್ಲಾಗಲಿ ಕಲಿಸಿದ ಸಂಪ್ರದಾಯಗಳನ್ನು ಬಿಡಬೇಡಿ ಎಂದು ಪೌಲರು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದಲ್ಲಿ (2:15) ಹೇಳಿದ್ದನ್ನು ಆಮೇಲೆ ಓದಿಸಿದೆ.

ಪರಮಪ್ರಸಾದದ ವಿಷಯಕ್ಕೆ ಬಂದರೆ ನನ್ನ ಸಿದ್ಧತೆ ಸರಳ. ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯವನ್ನು ಇಬ್ಬರೂ ಸೇರಿ ಪೂರ್ತಿ ಓದುತ್ತೇವೆ. 'ನನ್ನ ಶರೀರವೇ ನಿಜವಾದ ಆಹಾರ' ಎಂಬ ನನಗೆ ಬೇಕಾದ ವಚನ ಮಾತ್ರ ಅಲ್ಲ, ಜೀವ ಕೊಡುವುದು ಆತ್ಮ, ಶರೀರದಿಂದ ಪ್ರಯೋಜನವಿಲ್ಲ ಎಂಬ, ತಮ್ಮ ಹಿಡಿಯುವ 63ನೇ ವಚನವೂ ಸೇರಿ. ಆ ಮಾತು ಕಠಿಣ ಎಂದು ಶಿಷ್ಯರು ಬಿಟ್ಟುಹೋದಾಗ ಯೇಸುಸ್ವಾಮಿ ಅವರನ್ನು ಕೂಗಿ, "ನಾನು ಸುಮ್ನೆ ಉಪಮೆಯಲ್ಲಿ ಹೇಳಿದೆ" ಎನ್ನಲಿಲ್ಲ. ಆಮೇಲೆ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್. ಸುಮಾರು 110ರಲ್ಲಿ, ರೋಮಿಗೆ ಸಾಯಲು ಕರೆದೊಯ್ಯುವಾಗ, ಪರಮಪ್ರಸಾದ ಯೇಸುವಿನ ಶರೀರವೇ ಎಂದು ಒಪ್ಪದವರ ಬಗ್ಗೆ ಸ್ಮಿರ್ನಾದವರಿಗೆ ಬರೆದಿದ್ದಾರೆ. ಸುಮಾರು 155ರಲ್ಲಿ ಕ್ರೈಸ್ತ ಲೇಖಕ ಸಂತ ಜಸ್ಟಿನ್ ರೋಮಿನಲ್ಲಿ ಬರೆದ ಭಾನುವಾರದ ಆರಾಧನೆಯ ವಿವರ ಓದಿದರೆ ನಮ್ಮ ಬಲಿಪೂಜೆಯ ಕ್ರಮ ಥಟ್ಟನೆ ಗುರುತು ಸಿಗುತ್ತದೆ: ವಾಚನ, ಪ್ರಬೋಧನೆ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ, ಬಡವರಿಗಾಗಿ ಕಾಣಿಕೆ. ಇದನ್ನು ಓದಿದ ದಿನ ನನಗೇ ಮೈ ಜುಮ್ಮೆಂದಿತ್ತು.

ಪ್ರತಿಮೆಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆರಾಧನೆ ದೇವರಿಗೆ ಮಾತ್ರ, ಪ್ರತಿಮೆಗೆ ಕೊಡುವ ಗೌರವ ಅದು ತೋರಿಸುವ ವ್ಯಕ್ತಿಗೆ ಸಲ್ಲುತ್ತದೆ ಎಂದು 787ರಲ್ಲಿ ಎರಡನೆಯ ನೈಸಿಯಾ ಮಹಾಸಭೆ ಸ್ಪಷ್ಟ ಮಾಡಿತು. ಆದರೆ ತಮ್ಮ ಸೆಪ್ಟೆಂಬರ್ 8ರ ಶಿವಾಜಿನಗರದ ಮರಿಯಮ್ಮನವರ ಹಬ್ಬ ತೋರಿಸಿ, "ಅಲ್ಲಿ ಜನ ಮಾಡೋದು ಇದೇನಾ?" ಎಂದು ಕೇಳುತ್ತಾನೆ. ಧರ್ಮಸಭೆಯ ಬೋಧನೆಯನ್ನು ನಾನು ಸಮರ್ಥಿಸುತ್ತೇನೆ. ಒಬ್ಬೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಹೇಳಲು ನಾನು ಯಾರು? ಪ್ರತಿಮೆಯಲ್ಲೇ ಶಕ್ತಿ ಇದೆ ಎಂದು ಯಾರಾದರೂ ನಂಬಿದ್ದರೆ ಅವರಿಗೆ ಕಲಿಸುವುದು ನನ್ನಂಥವರ ಕೆಲಸ.

ನಾಸ್ತಿಕ ಗೆಳೆಯರ ಜೊತೆ ಬೈಬಲ್ ವಚನ ಹಿಡಿದು ಮಾತಾಡಿ ಪ್ರಯೋಜನವಿಲ್ಲ. ಅವರು ಹೆಚ್ಚಾಗಿ ಕೇಳುವುದು, "ಎಲ್ಲಕ್ಕೂ ಕಾರಣ ಬೇಕು ಅಂದರೆ ದೇವರಿಗೆ ಕಾರಣ ಯಾರು?" ಒಳ್ಳೆಯ ಪ್ರಶ್ನೆ. ಆದರೆ ದೇವರಿದ್ದಾರೆ ಎಂದು ತರ್ಕದಿಂದ ವಾದಿಸಿದ ಹದಿಮೂರನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ 'ಎಲ್ಲಕ್ಕೂ ಕಾರಣ ಬೇಕು' ಎಂದು ಎಲ್ಲೂ ಹೇಳಿಲ್ಲ. ಜಗತ್ತಿಗೆ ಒಂದು ಆರಂಭವಿತ್ತು ಎಂದು ತರ್ಕದಿಂದ ಸಾಧಿಸಲು ಆಗುವುದಿಲ್ಲ ಎಂದೂ ಅವರೇ ಹೇಳುತ್ತಾರೆ. ಅವರ ಪ್ರಶ್ನೆ ಹಿಂದೆ ಯಾವತ್ತೋ ಏನಾಯಿತು ಎಂಬುದಲ್ಲ, ಈ ಕ್ಷಣದ್ದು. ಚಾವಣಿ ತೊಲೆಯ ಮೇಲಿದೆ, ತೊಲೆ ಕಂಬದ ಮೇಲಿದೆ, ಕಂಬ ನೆಲದ ಮೇಲಿದೆ. ಮತ್ತೊಂದರ ಆಸರೆಯಲ್ಲಿ ನಿಂತವು ಎಷ್ಟೇ ಇದ್ದರೂ, ತನ್ನಿಂದಲೇ ನಿಂತದ್ದು ಒಂದು ಬೇಡವೇ?

ಬಿಗ್ ಬ್ಯಾಂಗ್ ಅನ್ನು ದೇವರಿಗೆ ಸಾಕ್ಷಿಯಾಗಿ ನಾನು ಬಳಸುವುದಿಲ್ಲ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದವರು ಬೆಲ್ಜಿಯಂನ ಕಥೋಲಿಕ ಫಾದರ್ ಜಾರ್ಜ್ ಲೆಮೆತ್ರ್. ಧರ್ಮಸಭೆ ವಿಜ್ಞಾನದ ಶತ್ರು ಎನ್ನುವವರಿಗೆ ಅವರ ಹೆಸರು ಹೇಳುತ್ತೇನೆ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಸಿದ್ಧಾಂತವನ್ನು ಸೃಷ್ಟಿಗೆ ಜೋಡಿಸಿ ಮಾತಾಡಿದಾಗ ಲೆಮೆತ್ರ್ ಅವರಿಗೇ ಅದು ಇಷ್ಟವಾಗಲಿಲ್ಲ. ವಿಜ್ಞಾನದ ಸಿದ್ಧಾಂತ ನಾಳೆ ಬದಲಾಗಬಹುದು, ನಂಬಿಕೆಯನ್ನು ಅದಕ್ಕೆ ಕಟ್ಟಿಹಾಕಬಾರದು. 1633ರ ಗೆಲಿಲಿಯೊ ತೀರ್ಪನ್ನೂ ನಾನು ಸಮರ್ಥಿಸಲು ಹೋಗುವುದಿಲ್ಲ. ಅದು ತಪ್ಪು.

ಮಕ್ಕಳ ಮೇಲೆ ಫಾದರ್‌ಗಳು ನಡೆಸಿದ ದೌರ್ಜನ್ಯ, ಅದನ್ನು ಮುಚ್ಚಿಟ್ಟ ಬಿಷಪರು, ಈ ಮಾತು ಬಂದಾಗ ನಾನು ವಾದ ನಿಲ್ಲಿಸುತ್ತೇನೆ. "ಬೇರೆ ಕಡೆಯೂ ಹೀಗಾಗುತ್ತದೆ" ಎಂಬ ಉತ್ತರ ನೊಂದವರಿಗೆ ಮಾಡುವ ಇನ್ನೊಂದು ಅನ್ಯಾಯ. ಹೌದು, ಆಗಿದೆ, ಘೋರ ಪಾಪ ಮತ್ತು ಅಪರಾಧ, ಶಿಕ್ಷೆ ಆಗಲೇಬೇಕು ಎನ್ನುತ್ತೇನೆ. ನಾನು ಪಾಠ ಹೇಳುವ ಮಕ್ಕಳ ಮುಖ ನೆನಪಾದರೆ ಬೇರೆ ಮಾತು ಹೊರಡುವುದೂ ಇಲ್ಲ.

ಕೆಡುಕು ಯಾಕಿದೆ ಎಂಬುದೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ದೇವರಿದ್ದಾರೆಯೇ ಎಂದು ಕೇಳುವಲ್ಲಿ ಅಕ್ವಿನಾಸ್ ಮೊದಲ ಆಕ್ಷೇಪವಾಗಿ ಇಟ್ಟಿರುವುದೂ ಇದನ್ನೇ. ಕೆಡುಕಿನಿಂದಲೂ ಒಳ್ಳೆಯದನ್ನು ತರಬಲ್ಲ ದೇವರು ಅದಕ್ಕೆ ಅವಕಾಶ ಕೊಟ್ಟಿದ್ದಾರೆ ಎಂಬುದು ಅವರ ಉತ್ತರ. ಮಗುವನ್ನು ಕಳೆದುಕೊಂಡ ಗೆಳೆಯನೊಬ್ಬ ಇದನ್ನು ಕೇಳಿದಾಗ ನಾನು ಆ ಉತ್ತರ ಕೊಡಲಿಲ್ಲ. ಅವತ್ತು ಅವನ ಜೊತೆ ಕೂತೆ, ಅಷ್ಟೇ. ಬಹಳ ತಿಂಗಳ ಮೇಲೆ ಅವನೇ ಮಾತು ತೆಗೆದ. ಆಗ ಶಿಲುಬೆಯ ಬಗ್ಗೆ ಹೇಳಿದೆ. ಅವನು ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಯೇಸು ನಿಜವಾಗಿ ಎದ್ದುಬಂದರು ಅನ್ನೋದಕ್ಕೆ ನಿನ್ನ ಹತ್ತಿರ ಏನಿದೆ ಎಂದು ಕೇಳಿದ್ದಾನೆ. ಎದ್ದುಬಂದ ಯೇಸುವನ್ನು ಯಾರ್ಯಾರು ಕಂಡರು ಎಂದು ಪೌಲರು ಹೇಳುವ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯವನ್ನು ಓದಿಕೊಂಡು ಬಾ ಎಂದಿದ್ದೇನೆ. ಮುಂದಿನ ಸಲಕ್ಕೆ ಆ ಒಂದೇ ಪ್ರಶ್ನೆ.