ಕಾಸರಗೋಡಿನ ಸೆಕೆಗೆ ಹೊಸಬರಾದವರಿಗೆ

ಬಳ್ಳಾರಿ, ರಾಯಚೂರು, ಕಲಬುರಗಿಯ ಕಡೆಯಿಂದ ಕೆಲಸಕ್ಕೋ ಓದಿಗೋ ಕಾಸರಗೋಡಿಗೆ ಬಂದವರು ಇಲ್ಲಿನ ಬೇಸಗೆಯನ್ನು ಮೊದಲ ವರ್ಷ ಹಗುರವಾಗಿ ಕಾಣುವುದುಂಟು. ಊರಿನಲ್ಲಿ 42 ಡಿಗ್ರಿಯ ಬಿಸಿಲು ಕಂಡವರಿಗೆ ಇಲ್ಲಿನ 35 ಡಿಗ್ರಿ ಲೆಕ್ಕಕ್ಕೆ ಬರುವುದಿಲ್ಲ. ಒಣಹವೆಯಲ್ಲಿ ಬೆವರು ಆರುತ್ತಾ ಮೈಯನ್ನು ತಣಿಸುತ್ತದೆ. ಕಡಲಬದಿಯ ತೇವದ ಗಾಳಿಯಲ್ಲಾದರೋ ಅದು ಆರದೆ ಅಂಗಿಯನ್ನು ತೊಯ್ಯಿಸಿ ಇಳಿಯುತ್ತದೆ, ನೀರೂ ಉಪ್ಪೂ ನಷ್ಟವಾಗುತ್ತವೆಯೇ ಹೊರತು ಮೈ ತಂಪಾಗುವುದಿಲ್ಲ. ಬಿಸಿಗಾಳಿಯೆಂದು ಘೋಷಿಸಲು ಹವಾಮಾನ ಇಲಾಖೆ ಬಯಲುನಾಡಿಗೆ ಕನಿಷ್ಠ 40 ಡಿಗ್ರಿಯನ್ನು ಇಟ್ಟುಕೊಂಡಿದ್ದರೆ ಕರಾವಳಿಗೆ 37ನ್ನೇ ಇಟ್ಟುಕೊಂಡಿದೆ. ಹಾಗಾಗಿ ಮೊಬೈಲಿನಲ್ಲಿ ಉಷ್ಣಾಂಶದ ಜೊತೆಗೆ ಆರ್ದ್ರತೆಯನ್ನೂ ನೋಡಿಕೊಳ್ಳಿ.

ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ನಡುಹಗಲಿನ ಓಡಾಟವನ್ನು ಆದಷ್ಟು ತಪ್ಪಿಸುವುದು ಲೇಸು. ಕೇರಳದ ಕಾರ್ಮಿಕ ಇಲಾಖೆ ಬೇಸಗೆಯಲ್ಲಿ ಬಿಸಿಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿ ಕೊಡಬೇಕೆಂದು ಆದೇಶ ಹೊರಡಿಸುತ್ತದೆ; ಕಟ್ಟಡದ ಕೆಲಸಕ್ಕೋ ಕೆಂಪುಕಲ್ಲಿನ ಕೋರೆಗೋ ಬಂದವರು ಈ ಆದೇಶವನ್ನು ತಿಳಿದಿರಬೇಕು, ಮೇಸ್ತ್ರಿಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಹೊಸ ಹವೆಗೆ ದೇಹ ಒಗ್ಗಲು ಒಂದೆರಡು ವಾರ ಬೇಕಾಗುವುದರಿಂದ ಮೊದಲ ದಿನವೇ ಹಳಬರ ಸಮಕ್ಕೆ ಕಲ್ಲು ಹೊರಲು ಹೋಗಬೇಡಿ.

ಬಾಯಾರುವವರೆಗೆ ಕಾಯದೆ ನೀರು ಕುಡಿಯುತ್ತಿರಬೇಕು. ಬೇಸಗೆಯಲ್ಲಿ ಬಾವಿಗಳ ನೀರು ತಳಕ್ಕಿಳಿಯುವಾಗ ಕಾಮಾಲೆಯ ಭಯವೂ ಇರುವುದರಿಂದ ಕುದಿಸಿ ಆರಿಸಿದ ನೀರೇ ಆಗಬೇಕು; ಹೋಟೆಲಿನಲ್ಲಿ ತಂದಿಡುವ ನಸುಗೆಂಪು ಬಣ್ಣದ ಬಿಸಿನೀರನ್ನು ಕಂಡು ಹೊಸಬರು ಲೋಟ ದೂರ ಸರಿಸುತ್ತಾರೆ, ಅದು ಪತಿಮುಗವೆಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರು. ಉಪ್ಪು ಹಾಕಿದ ನೀರುಮಜ್ಜಿಗೆ, ಗಂಜಿಯ ತಿಳಿ, ಬೊಂಡ (ಇಲ್ಲಿ ಎಳನೀರಿಗೆ ಹೀಗೆನ್ನುತ್ತಾರೆ), ಪುನರ್ಪುಳಿಯ (ಕೋಕಂ ಹಣ್ಣಿನ) ಶರಬತ್ತು ಎಲ್ಲವೂ ಒಳ್ಳೆಯವೇ. ತುಂಬಾ ಬೆವರಿ ಸುಸ್ತಾದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಚಹಾ ಚಮಚದಲ್ಲಿ ಮಟ್ಟಸವಾಗಿ ಅಳೆದು, ಕರಗಿಸಿ ಗುಟುಕು ಗುಟುಕಾಗಿ ಕುಡಿಯಬಹುದು. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯವರು ನೀರು, ಉಪ್ಪು, ಎಳನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಲಿ.

ಬಾಡಿಗೆಗೆ ಕೋಣೆ ಹುಡುಕುವಾಗ ತಾರಸಿಯ ಮೇಲೆ ತಗಡು ಹೊದೆಸಿ ಮಾಡಿದ ಮಹಡಿಯ ಕೋಣೆ ಅಗ್ಗಕ್ಕೆ ಸಿಗುತ್ತದೆ. ಹೆಂಚಿನ ಮನೆಯ ಹಳೆಯ ಕೋಣೆ ಇದ್ದರೆ ಅದನ್ನೇ ಆರಿಸಿ, ನೂರಿನ್ನೂರು ಹೆಚ್ಚಾದರೂ ಸರಿ. ಇಲ್ಲಿ ರಾತ್ರಿಯೂ ಸೆಕೆ ಇಳಿಯದ ಕಾರಣ ನಿದ್ರೆಗೆಟ್ಟ ದೇಹ ಮರುದಿನದ ಬಿಸಿಲನ್ನು ತಾಳುವುದಿಲ್ಲ. ಮಲಗುವ ಮುನ್ನ ಮಿಂದು, ಎದುರುಬದುರಿನ ಕಿಟಕಿಗಳನ್ನು ತೆರೆದಿಡಿ.

ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಬಂದವರನ್ನು ನೆರಳಿಗೆ ಕರೆದು ಮಲಗಿಸಿ ನೀರು ಕೊಟ್ಟರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಮೈ ಸುಡುತ್ತಿದ್ದು ಮಾತು ತಡವರಿಸಿದರೆ, ಅಸಂಬದ್ಧವಾಗಿ ವರ್ತಿಸಿದರೆ, ಪ್ರಜ್ಞೆ ತಪ್ಪಿದರೆ ಅದು ಸೂರ್ಯಾಘಾತ. ಮೈ ಬೆವರಿದ್ದ ಮಾತ್ರಕ್ಕೆ ಅಲ್ಲವೆಂದು ತಿಳಿಯಬಾರದು. ಆಗ ಬಾಯಿಗೆ ನೀರು ಹಾಕಬೇಡಿ, ಪ್ಯಾರಾಸಿಟಮಾಲ್ ಇದಕ್ಕೆ ನಾಟುವುದಿಲ್ಲ. 108ಕ್ಕೆ ಕರೆಮಾಡಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಲೇ ಇರಿ. ದೊಡ್ಡ ಕಾಯಿಲೆಯೆಂದರೆ ಮಂಗಳೂರಿಗೆ ಓಡುವುದು ನಮ್ಮ ಕಡೆಯವರ ರೂಢಿ, ಆದರೆ ಈ ಒಂದು ವಿಷಯದಲ್ಲಿ ತಲಪಾಡಿಯ ಗಡಿ ದಾಟುವ ಯೋಚನೆ ಬೇಡ, ಮೊದಲು ಹತ್ತಿರದ ಆಸ್ಪತ್ರೆಗೆ ಸೇರಿಸಿ.