ದೇವರಿಗೆ ಕೊಟ್ಟ ಮಾತಿಗೊಂದು ಲೆಕ್ಕದ ಪುಸ್ತಕ: ನನ್ನ ಅನುಭವ

ಹೊತ್ತ ಹರಕೆಗಳನ್ನು ನಾನು ಪುಸ್ತಕದಲ್ಲಿ ಬರೆದಿಡುತ್ತೇನೆ. ‘ದೇವರ ಹತ್ತಿರವೂ ಲೆಕ್ಕ ಬರೆದಿಡುತ್ತೀರಾ? ಭಕ್ತಿಯೋ ಬಡ್ಡಿ ವ್ಯವಹಾರವೋ?’ ಎಂದು ನಕ್ಕವರೇ ಹೆಚ್ಚು. ಅವರಲ್ಲಿ ಕೆಲವರು ಈಗ ಪುಸ್ತಕದಲ್ಲಿ ಎಷ್ಟು ಕಾಲಂ ಹಾಕಬೇಕೆಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಹರಕೆ ಹೊರುವುದು ಸರಿಯೇ, ದೇವರಿಗೆ ಅದು ಬೇಕೇ ಎಂಬ ಚರ್ಚೆಗೆ ಇಲ್ಲಿ ಜಾಗವಿಲ್ಲ. ಮಾತು ಕೊಟ್ಟಾಗಿದೆ, ತೀರಿಸಬೇಕು, ಅಷ್ಟೇ.

ಕಾಲಂ ಐದು ಸಾಕು: ಏನು, ಎಷ್ಟು, ಯಾವುದು ನೆರವೇರಿದರೆ, ಎಂದಿನಿಂದ ಎಂದಿನವರೆಗೆ, ಯಾರ ಕೈಗೆ. ಪ್ರಾರ್ಥನೆ ಮುಗಿದ ದಿನವೇ ಬರೆಯಬೇಕು. ಒಂದು ರಾತ್ರಿ ಕಳೆದರೆ ‘ಕೊಡುತ್ತೇನೆ’ ಎಂದದ್ದು ‘ಆದರೆ ಕೊಡೋಣ’ ಎಂದಾಗಿರುತ್ತದೆ.

ಹೆಚ್ಚು ಕೈಕೊಡುವುದು ಮೂರನೆಯ ಕಾಲಂ. ‘ಕೆಲಸ ಸಿಕ್ಕರೆ’ ಎಂದರೆ ಏನು? ಆದೇಶಪತ್ರ ಬಂದ ದಿನವೋ, ಮೊದಲ ಸಂಬಳ ಕೈಸೇರಿದ ದಿನವೋ, ಕೆಲಸ ಕಾಯಂ ಆದ ದಿನವೋ? ‘ಗುಣವಾದರೆ’ ಎಂದರೆ ಜ್ವರ ಬಿಟ್ಟಾಗಲೋ, ಔಷಧಿ ನಿಂತಾಗಲೋ? ಬರೆದಿಡದಿದ್ದರೆ ಮನಸ್ಸು ಪ್ರತಿ ಸಲವೂ ಮುಂದಿನ ಗಡಿಯನ್ನೇ ಆರಿಸಿಕೊಳ್ಳುತ್ತದೆ. ಐತರೇಯ ಬ್ರಾಹ್ಮಣ ಎಂಬ ವೈದಿಕ ಗ್ರಂಥದ ಹರಿಶ್ಚಂದ್ರ ಮಾಡಿದ್ದು ಇದನ್ನೇ. ಮಗ ಹುಟ್ಟಿದರೆ ವರುಣನಿಗೆ ಅರ್ಪಿಸುತ್ತೇನೆ ಎಂದವನು, ಹತ್ತು ದಿನ ಕಳೆಯಲಿ ಎಂದ. ಹಲ್ಲು ಬರಲಿ ಎಂದ. ಬಂದ ಹಲ್ಲು ಬೀಳಲಿ, ಮತ್ತೆ ಬರಲಿ, ಕವಚ ತೊಡುವಷ್ಟು ದೊಡ್ಡವನಾಗಲಿ ಎಂದ. ಒಂದೊಂದು ನೆಪಕ್ಕೂ ಶಾಸ್ತ್ರದ ಆಧಾರವಿತ್ತು. ಕೊನೆಗೆ ಮಗ ರೋಹಿತ ಬಿಲ್ಲು ಹಿಡಿದು ಕಾಡು ಸೇರಿದ, ತಂದೆಯ ಹೊಟ್ಟೆ ಊದಿಕೊಂಡಿತು. (ಮಗನನ್ನೇ ಮುಡಿಪಿಡುವ ಮಾತು ಮೊದಲಿಗೇ ತಪ್ಪು, ಅದಕ್ಕೆ ಮುಂದೆ ಬರುತ್ತೇನೆ.)

ಎರಡನೆಯ ಕಾಲಂನಲ್ಲಿ ‘ಇನ್ನೆಂದಿಗೂ’, ‘ಜೀವನಪೂರ್ತಿ’, ‘ಎಲ್ಲವನ್ನೂ’ ಬಂದರೆ ಆ ಮಾತು ಉಳಿಯುವುದಿಲ್ಲ. ಸಂಕಟ ಬಂದಾಗ ವೆಂಕಟರಮಣ ಎನ್ನುವ ಬಾಯಿಗೆ ಅಳತೆ ಇರುವುದಿಲ್ಲ. ದಿನಕ್ಕೊಂದು ಗಂಟೆ ಪ್ರಾರ್ಥನೆ ಎಂದದ್ದು ಹೆಚ್ಚೂಕಡಿಮೆ ಮೂರನೆಯ ವಾರಕ್ಕೆ ಕುಂಟುತ್ತದೆ. ಸ್ನಾನವಾದ ಕೂಡಲೇ ಹತ್ತು ನಿಮಿಷ, ಮುಂದಿನ ಮೂರು ತಿಂಗಳು, ಎಂದದ್ದು ದಡ ಮುಟ್ಟುತ್ತದೆ. ಪ್ರಾರ್ಥನೆಯನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ದಿನವೂ ತಪ್ಪದ ಒಂದು ಕೆಲಸಕ್ಕೆ ಕಟ್ಟುವುದು ಮೇಲು. ಫೋನಿನ ಅಲಾರಂ ಕೂಡ ಪ್ರಯೋಗಿಸಿದ್ದಾಯಿತು. ಹತ್ತು ಹನ್ನೆರಡು ದಿನವಾದ ಮೇಲೆ ಕಣ್ಣು ಓದುವ ಮೊದಲೇ ಬೆರಳು ಅದನ್ನು ಒತ್ತಿ ಆರಿಸಿಬಿಡುತ್ತದೆ.

‘ಕೋಪ ಮಾಡಿಕೊಳ್ಳುವುದಿಲ್ಲ’ ಎಂಬಂಥವು ಪುಸ್ತಕಕ್ಕೇ ಏರಬಾರದು, ಕೋಪ ನಮ್ಮನ್ನು ಕೇಳಿ ಬರುವುದಿಲ್ಲ. ‘ದನಿ ಎತ್ತಿದ ದಿನ ಮಲಗುವ ಮೊದಲು ಅವರ ಬಳಿ ಕ್ಷಮೆ ಕೇಳುತ್ತೇನೆ’ ಎಂದರೆ ಅದು ಕೈಯಲ್ಲಿರುವ ಕೆಲಸ. ಉಪವಾಸದ ಮಾತಿಗೆ ‘ವೈದ್ಯರು ಬೇಡವೆಂದರೆ ಬದಲಿಗೆ ಇಂಥದ್ದು’ ಎಂದು ಮೊದಲೇ ಸೇರಿಸಿರಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಂತೂ ಇದನ್ನು ಬಿಡಲೇಬಾರದು.

ಇನ್ನು ಹಣ. ಹಣದ ಮಾತು ಸುಲಭ ಎಂದುಕೊಂಡವರು ಅದನ್ನು ಕೊಟ್ಟು ನೋಡಿಲ್ಲ. ಬೈಬಲಿನಲ್ಲಿ ಬೇತೇಲ್ ಎಂಬ ಊರಲ್ಲಿ ಯಾಕೋಬ ದೇವರಿಗೆ ‘ನೀನು ಕೊಡುವ ಎಲ್ಲದರಲ್ಲಿ ಹತ್ತನೆಯ ಒಂದು ಪಾಲು’ ಎಂದ, ಸ್ಪಷ್ಟವಾಗಿತ್ತು. ನಮ್ಮಲ್ಲಿ ‘ಬಂದದ್ದರಲ್ಲಿ ಹತ್ತನೆಯ ಒಂದು’ ಎಂದು ಶುರುವಾಗುತ್ತದೆ. ಆಮೇಲೆ ತೆರಿಗೆ ಕಳೆದು, ಸಾಲದ ಕಂತು ಕಳೆದು, ಖರ್ಚು ಕಳೆದು ‘ಉಳಿದದ್ದರಲ್ಲಿ ಹತ್ತನೆಯ ಒಂದು’ ಆಗುತ್ತದೆ. ಉಳಿದದ್ದು ಸೊನ್ನೆಯಾದರೆ ಹತ್ತನೆಯ ಪಾಲೂ ಸೊನ್ನೆ! ಆದ್ದರಿಂದ ಯಾವ ಮೊತ್ತದ ಮೇಲೆ ಎಂಬುದನ್ನೂ ಬರೆಯಬೇಕು, ಹಣ ಬಂದ ದಿನವೇ ಪಾಲನ್ನು ಬೇರೆ ಖಾತೆಗೆ ಹಾಕಬೇಕು. ಆ ಖಾತೆಗೆ ಎಟಿಎಂ ಕಾರ್ಡ್ ಬೇಡ. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡುತ್ತೇನೆಂದವರು ಪೂರಾ ತೀರಿಸಿದ್ದನ್ನು ನಾನು ಕಂಡಿಲ್ಲ.

ತಡವಾದ ಹಣಕ್ಕೆ ಐದನೆಯ ಒಂದು ಪಾಲು ಸೇರಿಸುತ್ತೇನೆ. ಈ ಅಳತೆ ಬೈಬಲಿನ ಯಾಜಕಕಾಂಡದ 27ನೆಯ ಅಧ್ಯಾಯದ್ದು. ದೇವರಿಗೆ ಬಿಟ್ಟ ಮನೆಯನ್ನು ಮರಳಿ ಪಡೆಯಬೇಕಾದರೆ ಬೆಲೆಯ ಮೇಲೆ ಐದನೆಯ ಒಂದಂಶ ಕೂಡಿಸಿ ಕೊಡಬೇಕು ಎನ್ನುತ್ತದೆ ಅದು. ತಡಕ್ಕೆ ಅನ್ವಯಿಸಿದ್ದು ನನ್ನ ಕೈಚಳಕ. ದಂಡ ಬೀಳುತ್ತದೆಂದು ಗೊತ್ತಾದ ಮೇಲೆ ತಡವೇ ಕಡಿಮೆಯಾಯಿತು, ಅರ್ಧಕ್ಕಿಂತ ಕೆಳಗೆ ಎಂದು ನೆನಪು. ಅದೇ ಅಧ್ಯಾಯದಲ್ಲಿ ಬಡವನ ಕೈಲಾದಷ್ಟಕ್ಕೆ ಬೆಲೆ ಇಳಿಸುವ ಅವಕಾಶವೂ ಇದೆ, ಆದರೆ ಇಳಿಸುವವನು ಯಾಜಕ (ಪುರೋಹಿತ), ಹರಕೆ ಹೊತ್ತವನಲ್ಲ. ಇದು ಬಹಳ ಮುಖ್ಯ. ನಮ್ಮ ಹರಕೆಯನ್ನು ನಾವೇ ಇಳಿಸಿಕೊಳ್ಳಲು ಕೂತರೆ ಅದು ಬರೀ ಕಾಣಿಕೆ ಡಬ್ಬಿಯ ಚಿಲ್ಲರೆಗೆ ಬಂದು ನಿಲ್ಲುತ್ತದೆ. ತಿಳಿದ ಹಿರಿಯರೊಬ್ಬರ ಮುಂದೆ ಪುಸ್ತಕ ಇಟ್ಟು ಕೇಳಬೇಕು.

ಹಳೆಯ ಬಾಕಿಗಳನ್ನು ಮೂರು ಗುಡ್ಡೆ ಮಾಡಿ. ಷರತ್ತು ನೆರವೇರದವು ಸಾಲವೇ ಅಲ್ಲ, ಗೀಟು ಹಾಕಿ. ಇನ್ನೊಬ್ಬರ ದೇಹ, ಹಣ, ಬದುಕನ್ನು ಒತ್ತೆಯಿಟ್ಟವು ತೀರಿಸಲೇಬಾರದ್ದು. ಮನೆಬಾಗಿಲಿನಿಂದ ಮೊದಲು ಎದುರಿಗೆ ಬಂದದ್ದನ್ನು ಅರ್ಪಿಸುತ್ತೇನೆಂದ ಬೈಬಲಿನ ಯೆಫ್ತಾಹನಿಗೆ ಎದುರಾದವಳು ಒಬ್ಬಳೇ ಮಗಳು. ಮಗಳ ಕೂದಲು, ಹೆಂಡತಿಯ ಒಡವೆ, ಮಗನ ಓದು ನಮ್ಮ ಬಾಯಿಂದ ಹರಕೆಯಾಗಬೇಕಾದರೆ ಮೊದಲು ಅವರ ಒಪ್ಪಿಗೆ ಬೇಕು. ಉಳಿದ ಗುಡ್ಡೆಯಲ್ಲಿ ಚಿಕ್ಕದ್ದನ್ನು ಮೊದಲು ತೀರಿಸಿ. ದೊಡ್ಡದರಿಂದ ಆರಂಭಿಸಿದವರ ಪುಸ್ತಕ ಎರಡನೆಯ ಪುಟ ದಾಟುವುದು ಕಡಿಮೆ.

ದಿನನಿತ್ಯದ ಹರಕೆ ಒಂದು ದಿನ ತಪ್ಪಿದರೆ ಏಳು ದಿನದೊಳಗೆ ಒಂದಕ್ಕೆ ಒಂದು ತುಂಬಿಸುತ್ತೇನೆ. ಒಂದಕ್ಕೆ ಎರಡು ಮಾಡಿ ನೋಡಿದ್ದೂ ಉಂಟು. ಬಾಕಿ ಬೆಳೆದು ಪುಸ್ತಕ ತೆರೆಯಲೇ ಭಯವಾಗುತ್ತದೆ. ಚಾಲ್ತಿಯಲ್ಲಿ ಎರಡಕ್ಕಿಂತ ಹೆಚ್ಚು ಮಾತು ಇರಬಾರದು. ಮೂರನೆಯದು ನಾಲಿಗೆಯ ತುದಿಗೆ ಬಂದಾಗ ಅದನ್ನು ತಡೆಯುವ ಉಪಾಯವೊಂದು ನನ್ನ ಬಳಿ ಇದೆ, ಅದನ್ನು ಬರೆಯುವುದಿಲ್ಲ. ಪುಸ್ತಕದ ಮೊದಲ ಪುಟದಲ್ಲಿರುವ ಸಾಲೂ ನನಗೇ ಇರಲಿ.

ಮಾತನ್ನು ನಾಲ್ಕು ಜನಕ್ಕೆ ಹೇಳಿಕೊಂಡರೆ ಬಿಗಿಯಾಗುತ್ತದೆಂಬ ಸಲಹೆಯೂ ಪರೀಕ್ಷೆಗೆ ನಿಲ್ಲಲಿಲ್ಲ. ಹೊಗಳಿಕೆ ಮೊದಲೇ ಸಿಕ್ಕಿಬಿಟ್ಟರೆ ಕೆಲಸಕ್ಕೆ ಹಸಿವೇ ಇರುವುದಿಲ್ಲ. ಒಬ್ಬರಿಗೆ ಹೇಳಿ, ಅದೂ ತಿಂಗಳಿಗೊಮ್ಮೆ ಮುಲಾಜಿಲ್ಲದೆ ‘ಆಯಿತಾ?’ ಎಂದು ಕೇಳುವವರಿಗೆ.

ಸತ್ತವರ ಹರಕೆ ಮಕ್ಕಳಿಗೆ ಬರುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಕ್ಯಾಥೊಲಿಕ್ ಸಭೆಯ 1983ರ ಕಾನೂನು ಸಂಹಿತೆ, 1193ನೆಯ ವಿಧಿಯಲ್ಲಿ, ಹರಕೆ ಹೊತ್ತವರನ್ನು ಮಾತ್ರ ಕಟ್ಟುತ್ತದೆ ಎನ್ನುತ್ತದೆ. ನನಗೂ ಅದೇ ಸರಿ ಎನಿಸುತ್ತದೆ. ಆದರೆ ಬೇರೆ ಖಾತೆಗೆ ಹಾಕಿಯಾದ ಹಣ ಮನೆಯವರದ್ದಲ್ಲ. ಅದಕ್ಕೆಂದೇ ಐದನೆಯ ಕಾಲಂ, ಯಾರ ಕೈಗೆ ಎಂಬುದು. ಪುಸ್ತಕ ಎಲ್ಲಿದೆ, ಆ ಖಾತೆ ಯಾವುದು ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿಟ್ಟಿರಿ.