ಆಯಿಯನ್ನು ಬರೆದಿಡುವುದು ಹೇಗೆ

ಆಯಿ ತೀರಿಕೊಂಡು ದಿನಕರ್ಮ ಎಲ್ಲ ಮುಗಿಸಿ ನಾವು ಮುಂಬೈ ಹತ್ತಿರದ ಡೊಂಬಿವಲಿಗೆ ವಾಪಸು ಬಂದಾಗ ಎದುರು ಮನೆಯ ಮರಾಠಿ ಕಾಕು ಮಾತಾಡಿಸಲು ಬಂದರು. ಬಾಗಿಲು ತೆಗೆದವಳು ನನ್ನ ಅವ್ವ. ಕಾಕು ಹೌಹಾರಿ ಅಲ್ಲೇ ನಿಂತುಬಿಟ್ಟರು. ನಾನು ಫೋನಿನಲ್ಲಿ "ಆಯಿ ಗೇಲಿ", ಅಂದರೆ ಆಯಿ ಹೋದಳು, ಅಂದಿದ್ದೆ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ನಮ್ಮ ವಿಜಯಪುರದ ಕಡೆ ಆಯಿ ಅಂದರೆ ಅಜ್ಜಿ. ಮೂವರೂ ಮೊದಲು ನಕ್ಕೆವು, ಆಮೇಲೆ ಅತ್ತೆವು. "ಕಶಾ ಹೋತ್ಯಾ ಗ ತುಝ್ಯಾ ಆಜಿ?", ನಿನ್ನ ಅಜ್ಜಿ ಹೇಗಿದ್ದರು ಅಂತ ಕಾಕು ಕೇಳಿದರು. "ಬಹಳ ಒಳ್ಳೆಯವಳು" ಅಂದೆ. ಅದರ ಮುಂದೆ ಒಂದು ಮಾತೂ ಹೊಳೆಯಲಿಲ್ಲ. ಮೂವತ್ತು ವರ್ಷ ನೋಡಿದ ಮನುಷ್ಯಳ ಬಗ್ಗೆ ಎರಡೇ ಶಬ್ದ!

ವರ್ಷದ ಪುಣ್ಯಸ್ಮರಣೆಯ ಹೊತ್ತಿಗೆ 36 ಪುಟದ ಒಂದು ಪುಸ್ತಿಕೆ ಮಾಡಿದೆ. ಹೇಗೆ ಮಾಡಿದೆ ಅಂತ ಆಫೀಸಿನಲ್ಲೂ ನೆಂಟರಲ್ಲೂ ಈಗ ಕೇಳುತ್ತಾರೆ. ಅದಕ್ಕೇ ಇದು.

ಮೊದಲು ನನ್ನ ತಪ್ಪು ಹೇಳುತ್ತೇನೆ. ಮೊದಲ ಸಲ ಬರೆದದ್ದು ನಾಲ್ಕು ಪುಟ. ತ್ಯಾಗಮಯಿ, ಕರುಣಾಮಯಿ, ಅನ್ನಪೂರ್ಣೆ, ಒಂದೂ ಬಿಟ್ಟಿರಲಿಲ್ಲ. ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಫೋನಿನಲ್ಲಿ ಓದಿ ಹೇಳಿದೆ. ಆಕೆ ಪೂರ್ತಿ ಕೇಳಿ, "ಚಲೋ ಐತಿ. ಯಾರ ಬಗ್ಗೆ ಬರದಿ?" ಅಂದಳು.

ಅವತ್ತೇ ಪ್ರಶ್ನೆ ಬದಲಿಸಿದೆ. "ಆಯಿ ಹೇಗಿದ್ದಳು" ಅಂತ ಕೇಳಬೇಡಿ. "ಆಯಿ ಇದನ್ನು ಹೇಗೆ ಮಾಡುತ್ತಿದ್ದಳು" ಅಂತ ಕೇಳಿ. ಹೊಲದ ಮನೆಯ ಹೆಂಗಸಿನ ಬದುಕು ಗುಣಗಳಲ್ಲಿ ಸಿಗುವುದಿಲ್ಲ, ಕೆಲಸದಲ್ಲಿ ಸಿಗುತ್ತದೆ. ರೊಟ್ಟಿಯಿಂದ ಶುರು ಮಾಡಿ. ಎಸರಿಗೆ ಎಷ್ಟು ನೀರು? ಹಿಟ್ಟು ಹಳೆಯದಾಗಿ ಜಿಗಿ ಹೋಗಿದ್ದರೆ ಏನು ಮಾಡುತ್ತಿದ್ದಳು? ಬುತ್ತಿಗೆ ಎಷ್ಟು ರೊಟ್ಟಿ? ಯಾರಿಗೆ ದಪ್ಪ, ಯಾರಿಗೆ ತೆಳ್ಳಗೆ? ಅತ್ತೆ ಒಂದು ತಾಸು ಮಾತಾಡಿದಳು. ಒಂಬತ್ತು ಜನರ ಬುತ್ತಿ ಗಂಟು, ಅದರ ಮೇಲೆ ಮಜ್ಜಿಗೆಯ ಗಡಿಗೆ, ಕಂಕುಳಲ್ಲಿ ಕಾಕಾ, ಅಂದರೆ ಅಪ್ಪನ ತಮ್ಮ. ಮನೆಯಿಂದ ಮಡ್ಡಿ ಹೊಲಕ್ಕೆ ಎರಡು ಮೈಲಿ. ನಾನು ನಡುವೆ ಬಾಯಿ ಹಾಕಿ, "ಎಲ್ಲರೂ ಉಂಡ ಮೇಲೆ ತಾನು ಮುರಿದ ರೊಟ್ಟಿ ತಿನ್ನುತ್ತಿದ್ದಳಂತೆ, ಪಾಪ" ಅಂದೆ. ಅತ್ತೆ ತಡೆದಳು. "ಪಾಪ ಗೀಪ ಬರೀಬ್ಯಾಡ. ಮುರಕ ರೊಟ್ಟಿ ಹಾಲಾಗ ನೆನಸಿ ಬೆಲ್ಲ ಹಾಕ್ಕೊಂಡು ತಿನ್ನೂದು ಅಂದ್ರ ಆಕಿಗೆ ಜೀವ. ಬೇಕಂತನ ಮುರೀತಿದ್ಲು."

ಇಂಥದ್ದು ಒಂದು ಸಿಕ್ಕರೆ ನಾಲ್ಕು ಪುಟದ ತ್ಯಾಗ ಹರಿದು ಹಾಕಬಹುದು.

ಗಂಡಸರಿಗೆ ಅಡುಗೆ ಮನೆಯ ಪ್ರಶ್ನೆ ಕೇಳಿದರೆ ಉಪಯೋಗವಿಲ್ಲ. ಕಣದ ಪ್ರಶ್ನೆ ಕೇಳಿ. ಕಾಕಾನಿಂದ ಹಾಗೇ ಸಿಕ್ಕಿತು. ಜೋಳದ ರಾಶಿ ಅಳೆಯುವಾಗ ಮೊದಲ ಸೇರಿಗೆ "ಒಂದು" ಅನ್ನುವಂತಿಲ್ಲ, "ಲಾಭ" ಅನ್ನಬೇಕು. ಲಾಭ, ಎರಡು, ಮೂರು. ಮುತ್ಯಾ, ಅಂದರೆ ಅಜ್ಜ, ಅಳೆಯುತ್ತಿದ್ದ, ಎಣಿಸುತ್ತಿದ್ದವಳು ಆಯಿ. ಓದು ಬರಹ ಬರುತ್ತಿರಲಿಲ್ಲ, ಆದರೆ ಅವಳ ಲೆಕ್ಕ ತಪ್ಪಿದ್ದು ಕಾಕಾನಿಗೆ ನೆನಪಿಲ್ಲ. ಡೊಂಬಿವಲಿಗೆ ಬಂದಾಗ ನಮ್ಮ ಅಡುಗೆ ಮನೆಯಲ್ಲೂ ಅಕ್ಕಿಯನ್ನು ವಾಟೆಯಿಂದ ಡಬ್ಬಿಗೆ ಸುರಿಯುತ್ತ "ಲಾಭ" ಅನ್ನುತ್ತಿದ್ದಳು. ನಾನು ಅದನ್ನು ಏನೋ ದೇವರ ಹೆಸರು ಅಂದುಕೊಂಡಿದ್ದೆ.

ಮನೆಯವರಲ್ಲದವರನ್ನೂ ಕೇಳಿ. ಇದು ಮುಖ್ಯ. ನಮ್ಮ ಹೊಲಕ್ಕೆ ಕಸ ತೆಗೆಯಲು ಬರುತ್ತಿದ್ದ ಒಬ್ಬ ಮುದುಕಿ, "ನಿಮ್ಮ ಆಯಿ ಭಾಳ ಜುಗ್ಗಿ, ಸಂಜಿಕ ಕೂಲಿ ಕೊಡೂವಾಗ ಎರಡು ಸಲ ಎಣಸ್ತಿದ್ಲು" ಅಂದಳು. ಸ್ವಲ್ಪ ತಡೆದು, "ನನ್ನ ಬಾಣಂತನಕ್ಕ ತುಪ್ಪ ಕೊಟ್ಟಾಕಿನೂ ಆಕಿನ" ಅಂದಳು. ಅಪ್ಪನಿಗೆ ಮೊದಲಿನ ಮಾತು ತೆಗೆಯಬೇಕಿತ್ತು. ನಾನು ಎರಡನ್ನೂ ಇಟ್ಟೆ. ತುಪ್ಪ ಒಂದೇ ಇಟ್ಟರೆ ತುಪ್ಪದ ಬೆಲೆ ಗೊತ್ತಾಗುವುದಿಲ್ಲ.

ಈಗ ರೆಕಾರ್ಡಿಂಗ್. ಹಬ್ಬಕ್ಕೆ ಎಲ್ಲರೂ ಸೇರಿದಾಗ ಮಾಡಬೇಡಿ. ನಾನು ಮಾಡಿದ್ದೆ. ಕೂತು ಕೇಳಿದರೆ ಎರಡು ತಾಸಿನ ಕುಕ್ಕರ್ ಸೀಟಿ. ಒಬ್ಬರನ್ನೇ ಕೂರಿಸಿ, ಹೆಚ್ಚೆಂದರೆ ಇಬ್ಬರು. ಫ್ಯಾನ್ ಆರಿಸಿ, ಸೆಕೆಯಾದರೂ ಸರಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಟವೆಲ್ ಮಡಚಿ ಅದರ ಮೇಲಿಡಿ, ಬರೀ ಮೇಜಿನ ಮೇಲಿಟ್ಟರೆ ಬಳೆ ತಾಗಿದ್ದೂ ಗುಡುಗಿನ ಹಾಗೆ ಕೇಳುತ್ತದೆ. ಮೊದಲು ಹೆಸರು, ತಾರೀಕು ಹೇಳಿಸಿ. ಮುಕ್ಕಾಲು ತಾಸು ಸಾಕು. ಕೈಯಲ್ಲಿ ಏನಾದರೂ ಕೆಲಸ ಕೊಡಿ. ಶೇಂಗಾ ಸುಲಿಯುತ್ತ ಕೂತ ಹೆಂಗಸಿಗೆ ಬರುವ ನೆನಪು ಸುಮ್ನೆ ಕೂತವಳಿಗೆ ಬರುವುದಿಲ್ಲ. ಅವತ್ತೇ ಫೈಲಿಗೆ ಹೆಸರಿಟ್ಟು ಇನ್ನೊಂದು ಕಡೆ ಕಾಪಿ ಮಾಡಿ. ಬರೆಯುವಾಗ ಅವರ ಮಾತನ್ನು ಪುಸ್ತಕದ ಭಾಷೆಗೆ ತಿದ್ದಬೇಡಿ.

ತಾರೀಕಿನ ಗೋಳು ಎಲ್ಲರ ಮನೆಯಲ್ಲೂ ಇದೆ. ಆಯಿಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1. ಮುತ್ಯಾನದೂ ಜನವರಿ 1. ಅದನ್ನು ನಂಬಬೇಡಿ. ಎಲ್ಲರಿಗೂ ಗೊತ್ತಿರುವ ಘಟನೆ ಹಿಡಿದು ಹಿಂದೆ ಮುಂದೆ ಎಣಿಸಿ. ಗಾಂಧಿ ಹೋದಾಗ ತನಗೆ ಮುಂದಿನ ಹಲ್ಲು ಬಿದ್ದಿದ್ದವು ಅನ್ನುತ್ತಿದ್ದಳು. ಅದು 1948, ಅಂದರೆ ಹುಟ್ಟಿದ್ದು 1941-42ರ ಸುಮಾರು. ಮದುವೆಯ ಬಗ್ಗೆ ಮುತ್ಯಾನ ಒಂದು ಹಳೇ ಚಾಷ್ಟಿ, ಅಂದರೆ ತಮಾಷೆ, ಇತ್ತು: "ಲಗ್ನ ಆಗೂತ್ಲೆ ನಾವಿಬ್ರೂ ಕುಂತಲ್ಲೆ ಕುಂತು ಮುಂಬೈ ಬಿಟ್ಟು ಮೈಸೂರಿಗೆ ಹೋದ್ವಿ." ಚಿಕ್ಕವಳಿದ್ದಾಗ ಅರ್ಥವಾಗಿರಲಿಲ್ಲ. ವಿಜಯಪುರ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಅಂದರೆ ಮದುವೆ ಆ ವರ್ಷದ ಬೇಸಿಗೆಯಲ್ಲೇ ಆಗಿರಬೇಕು. ಆಗ ಆಕೆಗೆ ಹದಿನಾಲ್ಕೋ ಹದಿನೈದೋ. 1972ರ ಬರದಲ್ಲಿ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋದಾಗ ಕಾಕಾ ಇನ್ನೂ ಎದೆ ಹಾಲು ಬಿಟ್ಟಿರಲಿಲ್ಲ. ಕಾಕಾನ ವಯಸ್ಸೂ ಸಿಕ್ಕಿತು. ಹಂಚಿದ ಕೆಂಪು ಜೋಳದ ಮಾತು ಬಂದರೆ ಸಾಯುವವರೆಗೂ ಮುಖ ಕಿವುಚುತ್ತಿದ್ದಳು.

ರೈಲಿನಿಂದಲೂ ಕಾಲ ಹಿಡಿಯಬಹುದು. ರಾಶಿ ಮುಗಿಸಿ ಆಯಿ ಇಂಡಿ ರೋಡ್ ಸ್ಟೇಷನ್ನಿನಲ್ಲಿ ಹತ್ತಿ ನಮ್ಮಲ್ಲಿಗೆ ಬರುತ್ತಿದ್ದಳು. ಸೊಲ್ಲಾಪುರ-ಗದಗ ಹಳಿ ಮೀಟರ್ ಗೇಜ್ (ಕಡಿಮೆ ಅಗಲದ್ದು) ಇದ್ದಾಗ ಸೊಲ್ಲಾಪುರದಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕಿತ್ತು. ಜೋಳದ ಹಿಟ್ಟು, ಗುರೆಳ್ಳು ಚಟ್ನಿ, ಲಿಂಬೆಹಣ್ಣಿನ ಚೀಲ ತಲೆ ಮೇಲೆ ಹೊತ್ತು ಸೇತುವೆ ದಾಟಿದ ಕಥೆ ಇದ್ದರೆ ಅದು ಹಳೆಯ ಕಾಲದ್ದು. ಗಾಡಿ ಬದಲಿಸದೆ ಬಂದಿದ್ದರೆ ಆಮೇಲಿನದು.

ಕಾಗದ ಪತ್ರಗಳಲ್ಲಿ ಆಯಿ ಸಿಗುತ್ತಾಳೆ ಅಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ನಮ್ಮ ಕಡೆ ಉತಾರ ಅನ್ನುವ ಪಹಣಿಯನ್ನು ಕರ್ನಾಟಕದ ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿ ಇಲ್ಲಿಂದಲೇ ನೋಡಬಹುದು. ಆಯಿಯ ಹೆಸರು ಬಂದದ್ದು ಮುತ್ಯಾ ತೀರಿಕೊಂಡು ವಾರಸಾ ಆದ ಮೇಲೆ. ಅಲ್ಲಿಯವರೆಗೆ ಐವತ್ತು ವರ್ಷ ದುಡಿದ ಹೊಲದ ಕಾಗದದಲ್ಲಿ ಅವಳಿಲ್ಲ. ಆದರೆ ಸರ್ಕಾರಕ್ಕೆ ನಂಬರ್ ಆಗಿದ್ದ ತುಂಡುಗಳಿಗೆಲ್ಲ ಅವಳ ಬಾಯಲ್ಲಿ ಹೆಸರಿತ್ತು: ಮಡ್ಡಿ ಹೊಲ, ಬೇವಿನ ಗಿಡದ ಪಟ್ಟಿ, ಸಾಲದ ಹೊಲ. ನಂಬರ್ ಪಕ್ಕದಲ್ಲಿ ಆ ಹೆಸರುಗಳನ್ನು ಬರೆದು ಒಂದು ನಕ್ಷೆ ಹಾಕಿ. ಸಾಲದ ಹೊಲ ಅಂತ ಯಾಕೆ ಅಂದರು ಅಂತ ಕೇಳಿದರೆ ಇನ್ನೊಂದು ಅಧ್ಯಾಯ ಸಿಗುತ್ತದೆ.

ಇನ್ನು ಕೌದಿ, ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಹೊದಿಕೆ. ನಿಮ್ಮ ಮನೆಯಲ್ಲಿ ಆಯಿ ಹೊಲಿದ ಕೌದಿ ಇದ್ದರೆ ಉಳಿದದ್ದೆಲ್ಲ ಬದಿಗಿಟ್ಟು ಮೊದಲು ಅದನ್ನು ಹಿಡಿಯಿರಿ. ಒಗೆಯಬೇಡಿ. ಹಗಲು ಹೊತ್ತಿನಲ್ಲಿ ಕಿಟಕಿ ಹತ್ತಿರ ನೆಲಕ್ಕೆ ಹಾಸಿ, ಕುರ್ಚಿ ಮೇಲೆ ನಿಂತು ಪೂರ್ತಿ ಕೌದಿಯ ಒಂದು ಫೋಟೋ ತೆಗೆಯಿರಿ, ಆಮೇಲೆ ಹತ್ತಿರದಿಂದ ಒಂದೊಂದು ಭಾಗ. ದೊಡ್ಡ ಫೋಟೋ ಪ್ರಿಂಟ್ ಹಾಕಿಸಿ ಪ್ರತಿ ತುಂಡಿಗೂ ನಂಬರ್ ಕೊಡಿ. ನಮ್ಮದರಲ್ಲಿ 61 ತುಂಡು. ಆಮೇಲೆ ಇಬ್ಬರು ಹೆಂಗಸರನ್ನು ಅದರ ಮುಂದೆ ಕೂರಿಸಿ, ಒಬ್ಬರು ಮಗಳು, ಒಬ್ಬರು ಸೊಸೆ. ಇಬ್ಬರೂ ಒಪ್ಪುವುದಿಲ್ಲ, ಒಪ್ಪದಿರಲಿ ಅಂತಲೇ ಕೂರಿಸುವುದು.

ನಾನು ಅತ್ತೆಯನ್ನೂ ಚಿಗವ್ವನನ್ನೂ ಕೂರಿಸಿದೆ. 4 ಮುತ್ಯಾನ ಧೋತರ. 9 ಅಪ್ಪನ ಶಾಲೆಯ ಖಾಕಿ ಚಡ್ಡಿ. 12ರಿಂದ 15 ಒಂದೇ ಇಳಕಲ್ ಸೀರೆಯ ಸೆರಗು, ಮದುವೆಯ ಸೀರೆ, ಕೆಂಪು ಈಗಲೂ ಕೆಂಪೇ. 22ನೇ ನೀಲಿ ಪಟ್ಟಿಗೆ ಜಗಳ. ಮುತ್ಯಾನ ಪೈಜಾಮ ಅಂತ ಅತ್ತೆ, ತನ್ನ ತವರಿನಿಂದ ಬಂದ ಗಾದಿಯ ಬಟ್ಟೆ ಅಂತ ಚಿಗವ್ವ. ಎರಡನ್ನೂ ಬರೆದುಕೊಂಡೆ. 37 ಅಂಗೈಯಷ್ಟು ಮಖಮಲ್ಲಿನ ತುಂಡು, ಮೂಲೆಯಲ್ಲಿ ಕಿತ್ತುಹೋದ ಜರಿ. ಅದರ ಮೇಲೆ ಬೆರಳಿಟ್ಟೆ. ಇಬ್ಬರೂ ಸುಮ್ಮನಾದರು. "ಅದು ಕುಂಚಿಗಿ" ಅಂದಳು ಅತ್ತೆ. ಕೂಸಿನ ತಲೆಗೆ ಹಾಕುವ ಕುಲಾವಿ. ಯಾರದು? ಅಪ್ಪ ಮತ್ತು ಕಾಕಾನ ನಡುವೆ ಒಂದು ಹೆಣ್ಣು ಕೂಸು ಇತ್ತಂತೆ. ಎಂಟು ತಿಂಗಳಿಗೆ ಹೋಯಿತಂತೆ. ಮೂವತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಯಾರೂ ಕೇಳಲಿಲ್ಲ ಅಂತ ಹೇಳಿರಲಿಲ್ಲ. ಆಯಿ ಕೌದಿಯ ನಟ್ಟನಡುವೆ, ಹೊದ್ದರೆ ಎದೆಯ ಮೇಲೆ ಬರುವ ಜಾಗದಲ್ಲಿ ಅದನ್ನು ಹೊಲಿದಿದ್ದಳು.

ಇಂಥ ಹೊತ್ತಿನಲ್ಲಿ ಮುಂದಿನ ಪ್ರಶ್ನೆ ಕೇಳಬೇಡಿ. ರೆಕಾರ್ಡರ್ ಆರಿಸಿ. ಎದ್ದು ಚಹಾಕ್ಕೆ ನೀರಿಡಿ. ಪುಸ್ತಿಕೆಯಲ್ಲಿ ಹಾಕಲೋ ಬೇಡವೋ ಅಂತ ಎಂಟು ದಿನ ಬಿಟ್ಟು ಅತ್ತೆಗೇ ಕೇಳಿದೆ. "ಹಾಕು, ಹೆಸರು ಇಟ್ಟಿದ್ವಿ ಅದಕ್ಕ" ಅಂದಳು. ಹೆಸರು ಹಾಕಿದೆ.

ಫೋಟೋಗಳ ಬಗ್ಗೆ ಎರಡೇ ಮಾತು. ಗಾಜಿಗೆ ಅಂಟಿಕೊಂಡ ಹಳೆಯ ಫೋಟೋವನ್ನು ಕೀಳಬೇಡಿ, ಮುಖವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಗಾಜಿನ ಸಮೇತ ಫೋಟೋ ತೆಗೆಯಿರಿ. ಹಿಂದೆ ಹೆಸರು ಬರೆಯುವುದಿದ್ದರೆ ಮೆತ್ತಗಿನ ಪೆನ್ಸಿಲ್, ಬಾಲ್ ಪೆನ್ ಬೇಡ.

ಛಾಪಿಸುವ ಕಡೆ ನಾನು ಪೆಟ್ಟು ತಿಂದೆ. ಇಲ್ಲಿನ ಒಂದು ಅಂಗಡಿಗೆ ಫೈಲ್ ಹಾಗೇ ಕಳಿಸಿದೆ. ಅವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರಲಿಲ್ಲ, ಒತ್ತಕ್ಷರವೆಲ್ಲ ಕಳಚಿ "ರೊಟ್ಟಿ" ಎರಡು ತುಂಡಾಗಿ ಬಂತು. ಅವರಿಗೆ ಓದಲು ಬರುವುದಿಲ್ಲ, ತಪ್ಪು ಕಾಣುವುದು ಹೇಗೆ? ಹತ್ತು ಪ್ರತಿ ಹಾಳು. ಆದ್ದರಿಂದ ಯೂನಿಕೋಡಿನಲ್ಲಿ ಟೈಪ್ ಮಾಡಿ, ಫಾಂಟ್ ಸಮೇತ ಪಿಡಿಎಫ್ ಮಾಡಿ ಅದನ್ನೇ ಕೊಡಿ. ಮೊದಲು ಒಂದೇ ಪ್ರತಿ ತೆಗೆಸಿ ನೋಡಿ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯಾದರೆ ಪುಟಗಳು ನಾಲ್ಕರಿಂದ ಭಾಗವಾಗಬೇಕು, ಇಲ್ಲದಿದ್ದರೆ ಕೊನೆಗೆ ಖಾಲಿ ಪುಟ ಉಳಿಯುತ್ತದೆ.

ಮುಂಬೈಯಲ್ಲಿ ಇನ್ನೊಂದು ತೊಂದರೆ. ನನ್ನ ತಮ್ಮನ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಇಂಗ್ಲಿಷಿಗೆ ಅನುವಾದ ಮಾಡು ಅಂದ ತಮ್ಮ. "ಮುರಕ ರೊಟ್ಟಿ"ಗೆ ಇಂಗ್ಲಿಷಿನಲ್ಲಿ ಏನು ಹೇಳಲಿ? ಕನ್ನಡ ಮಾತನ್ನೇ ದೇವನಾಗರಿಯಲ್ಲಿ ಬರೆದು ಎಂಟು ಪುಟದ ಇನ್ನೊಂದು ಪುಸ್ತಿಕೆ ಮಾಡಿದೆ. ಶಾಲೆಯಲ್ಲಿ ಮರಾಠಿ ಓದುತ್ತಾರಲ್ಲ, ಗಟ್ಟಿಯಾಗಿ ಓದಿದರೆ ಬಾಯಿಂದ ಕನ್ನಡವೇ ಬರುತ್ತದೆ. ಸಣ್ಣವನು "ಲಾಭ" ಅಂತ ಓದಿ, "ಇದು ನನಗೆ ಗೊತ್ತು" ಅಂದ. ಅವನು ಗೋಟಿ ಎಣಿಸುವುದೂ ಹಾಗೇ, ಆಯಿಯಿಂದಲೇ ಕಲಿತದ್ದು.

ನಮ್ಮಲ್ಲಿ ಕೊನೆಗೆ ಎರಡು ಪುಟ ಖಾಲಿ ಬಿಟ್ಟೆವು, ಈ ಸಲ ಬೇಕಂತಲೇ. ತಿದ್ದುವವರು ತಿದ್ದಲಿ ಅಂತ. ಊರಿಗೆ ಕಳಿಸಿದ ಪ್ರತಿಯ ಫೋಟೋ ಮೊನ್ನೆ ವಾಟ್ಸಾಪಿನಲ್ಲಿ ಬಂತು. ಚಿಗವ್ವ 22ನೇ ತುಂಡಿನ ಬಗ್ಗೆ ಒಂದು ಪುಟ ಪೂರ್ತಿ ಬರೆಸಿದ್ದಾಳೆ. ಕಾಕಾ ಅದರ ಕೆಳಗೆ ಒಂದೇ ಸಾಲು ಗೀಚಿದ್ದಾನೆ: "17ನೇ ಪುಟದಾಗ ಎತ್ತಿನ ಹೆಸರು ತಪ್ಪೈತಿ." ಸರಿಯಾದ ಹೆಸರು ಮಾತ್ರ ಬರೆದಿಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಲು ಊರಿಗೆ ಹೋದಾಗ ಕೇಳಬೇಕು.